ಶರದೃತುವಿನ ಹಕ್ಕಿಗಳು: ಕಾವ್ಯದಲ್ಲಿಯೂ ಕೆರೆಯಂಗಳದಲ್ಲಿಯೂ

ಮಹಾಕಾವ್ಯಕ್ಕೆ ಆಲಂಕಾರಿಕರು ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು. ಕಾಳಿದಾಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಋತುಸಂಹಾರ’ದ ಮೂರನೆಯ ಸರ್ಗವೆಲ್ಲವೂ ಶರತ್ಕಾಲಕ್ಕೇ ಮೀಸಲು. ತಿಳಿಯಾದ ನೀರು, ಬೆಳ್ಮುಗಿಲು, ತೆನೆಗಟ್ಟಿದ ಗದ್ದೆ, ಮರಳಿ ಬಂದ ಹಂಸಗಳು, ಇಷ್ಟನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಆದರೆ ಅದೇ ಆಶ್ವಯುಜ ಮಾಸದಲ್ಲಿ ಊರ ಕೆರೆಯ ಏರಿಯ ಮೇಲೆ ಶಾಲೆಗೆ ನಡೆದುಬರುವಾಗ, ಪದ್ಯದಲ್ಲಿ ಓದಿದ ಸಂಗತಿಯೇ ಕೆಳಗೆ ನಡೆಯುತ್ತಿರುವುದನ್ನು ನಿಂತು ನೋಡುವವರು ವಿರಳ.

ಇದಕ್ಕೆ ಕಾರಣವುಂಟು. ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ, ಚಕೋರವು ಬೆಳುದಿಂಗಳನ್ನು ಕುಡಿಯುತ್ತದೆ ಎಂಬ ಕವಿಸಮಯಗಳನ್ನು ಕೇಳಿ ಕೇಳಿ, ಕಾವ್ಯದ ಹಕ್ಕಿಗಳೆಲ್ಲವೂ ಕಟ್ಟುಕಥೆಯ ಹಕ್ಕಿಗಳೆಂದು ಭಾವಿಸುವುದು ಸಹಜ. ಆಲಂಕಾರಿಕರು ಈ ವಿಷಯದಲ್ಲಿ ಪ್ರಾಮಾಣಿಕರೇ ಸರಿ. ಯಾವ ಜಲಾಶಯವಾದರೂ ಅಲ್ಲಿ ಹಂಸಗಳನ್ನು ವರ್ಣಿಸುವುದು ಇಲ್ಲದ್ದನ್ನು ಇದೆಯೆಂದು ಹೇಳುವ ಸಂಪ್ರದಾಯವೆಂದು ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಒಪ್ಪಿಕೊಂಡಿದ್ದಾನೆ. ಮಳೆಗಾಲದಲ್ಲಿ ಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆಂಬುದನ್ನೂ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಕವಿಸಮಯಗಳ ಪಟ್ಟಿಗೇ ಸೇರಿಸಿದ್ದಾನೆ. ಈ ಒಂದು ಎಡೆಯಲ್ಲಿ ಮಾತ್ರ ಶಾಸ್ತ್ರಕಾರನಿಗಿಂತ ಕವಿಗಳ ಮಾತೇ ನಿಜಕ್ಕೆ ಹತ್ತಿರ. ತಲೆಯ ಹಿಂದೆ ಎರಡು ಕರಿಯ ಪಟ್ಟೆಗಳುಳ್ಳ ಹೆಬ್ಬಾತು ಟಿಬೆಟ್ಟಿನ ಮತ್ತು ಮಂಗೋಲಿಯದ ಸರೋವರಗಳಲ್ಲಿ ಬೇಸಗೆಯಲ್ಲಿ ಮರಿಮಾಡಿ, ಶರತ್ಕಾಲದಲ್ಲಿ ಹಿಮಾಲಯವನ್ನು ದಾಟಿ ಭರತಖಂಡಕ್ಕೆ ಇಳಿಯುತ್ತದೆ. ಪ್ರಾಚೀನರ ಹಂಸಗಳಲ್ಲಿ ಇದಕ್ಕೂ ಸ್ಥಾನವುಂಟೆಂಬುದು ವಿದ್ವಾಂಸರ ಅಭಿಪ್ರಾಯ. ಇದರ ದೊಡ್ಡ ಹಿಂಡನ್ನು ಕನ್ನಡನಾಡಿನಲ್ಲಿ ಕಾಣಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆತಿದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗೆ ಅಷ್ಟು ದೂರದ ಪ್ರಯಾಣವೇನೂ ಅಗತ್ಯವಿಲ್ಲ. ಶರತ್ಕಾಲವನ್ನು ಸಾರುವ ಇನ್ನೊಂದು ಹಕ್ಕಿ ಅವನ ಮನೆಯ ಬಳಿಗೇ ಬರುತ್ತದೆ. ಸಂಸ್ಕೃತದಲ್ಲಿ ಅದು ಖಂಜನ. ಅಮರಕೋಶದ ಸಿಂಹಾದಿವರ್ಗದಲ್ಲಿ ಖಂಜರೀಟ ಎಂಬ ಪರ್ಯಾಯವೂ ಉಂಟು. ಕವಿಗಳು ನಾಯಿಕೆಯ ಚಂಚಲವಾದ ಕಣ್ಣಿಗೆ ಇದನ್ನು ಹೋಲಿಸಿದರು. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಖಂಜನದರ್ಶನದ ಫಲಾಫಲಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಫಲಾಫಲಗಳ ಮಾತು ಹಾಗಿರಲಿ. ಒಂದು ಹಕ್ಕಿಯನ್ನು ವರ್ಷದಲ್ಲಿ ಮೊದಲ ಸಲ ಕಂಡ ದಿನವನ್ನೂ ಎಡೆಯನ್ನೂ ನೆನಪಿಡಬೇಕೆಂಬ ಭಾವನೆ ಆ ಕಾಲದಲ್ಲಿತ್ತು ಎಂಬುದು ಗಮನಾರ್ಹ.

ಈ ಖಂಜನಕ್ಕೆ ಕನ್ನಡದ ಹೆಸರು ಕುಂಡೆಕುಸುಕ. ಗ್ರಾಮ್ಯವೆಂದು ಪಠ್ಯಪುಸ್ತಕದವರು ಈ ಹೆಸರಿಗೆ ಅಂಜಿ ‘ಸಿಪಿಲೆ’ ಎಂದು ಬರೆಯುವುದುಂಟು. ಅಂಜುವ ಕಾರಣವಿಲ್ಲ. ಹಕ್ಕಿ ನಿಂತಲ್ಲಿ ನಿಲ್ಲದೆ ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಲೇ ಇರುವುದನ್ನು ಒಮ್ಮೆ ಕಂಡವರು, ಆ ಹೆಸರಿಟ್ಟ ಹಳ್ಳಿಗನ ಕಣ್ಣು ಕವಿಯ ಕಣ್ಣಿಗಿಂತ ಕಡಿಮೆಯದಲ್ಲವೆಂದು ಒಪ್ಪುತ್ತಾರೆ.

ಇಲ್ಲಿ ಒಂದು ಎಚ್ಚರ ಅವಶ್ಯ. ಕುಂಡೆಕುಸುಕಗಳೆಲ್ಲವೂ ವಲಸೆಯ ಹಕ್ಕಿಗಳಲ್ಲ. ಕಪ್ಪು ಬಿಳುಪಿನ ಮೈ, ಕಣ್ಣಿನ ಮೇಲೆ ಅಗಲವಾದ ಬಿಳಿಯ ಹುಬ್ಬು ಇರುವ ದೊಡ್ಡ ಜಾತಿ ನಮ್ಮಲ್ಲಿಯೇ ವರ್ಷವಿಡೀ ಇದ್ದು ಗೂಡುಕಟ್ಟುತ್ತದೆ. ಮನೆಯ ಮಾಡಿನ ಮೇಲೆ ಬೆಳಗಿನಲ್ಲಿ ಇಂಪಾಗಿ ಸಿಳ್ಳುಹಾಕುವುದು ಅದೇ. ಅದನ್ನು ಕಂಡು ಶರತ್ಕಾಲ ಬಂದಿತೆನ್ನುವುದು ತಪ್ಪು. ಋತುವನ್ನು ಸಾರುವುದು ಬೂದುಬೆನ್ನಿನ, ಹಳದಿ ಹೊಟ್ಟೆಯ, ಬಹಳ ಉದ್ದನೆಯ ಬಾಲದ ಜಾತಿ. ವಲಸೆಯ ಹಕ್ಕಿಗಳಲ್ಲಿ ಇದು ಮುಂಚೂಣಿಯದು. ಬಾತುಗಳಿನ್ನೂ ಉತ್ತರದಲ್ಲಿರುವಾಗಲೇ, ಸೆಪ್ಟೆಂಬರಿನಲ್ಲಿ, ಕೆಲವು ವರ್ಷ ಇನ್ನೂ ಮೊದಲೇ, ಒಂಟಿಯಾಗಿ ಬಂದು ಹರಿಯುವ ನೀರಿನ ಪಕ್ಕದಲ್ಲಿ ನೆಲಸುತ್ತದೆ. ಘಾಟಿ ಸುಬ್ರಹ್ಮಣ್ಯದ ಸುತ್ತಲಿನ ಹಳ್ಳಗಳು, ಮಾಕಳಿದುರ್ಗದ ತಪ್ಪಲು, ಶಿವಗಂಗೆಯ ಬುಡದ ತೊರೆಗಳು ಇದನ್ನು ಹುಡುಕಲು ತಕ್ಕ ಎಡೆಗಳು. ಇನ್ನೊಂದು ಹಳದಿಯ ಜಾತಿ, ಬಾಲ ತುಸು ಗಿಡ್ಡ, ಹಿಂಡುಹಿಂಡಾಗಿ ಬಂದು ಒದ್ದೆ ಹುಲ್ಲಿನಲ್ಲಿ ಮೇಯುವ ದನಗಳ ಕಾಲ ಬಳಿಯಲ್ಲೇ ಹುಳುಗಳನ್ನು ಹಿಡಿಯುತ್ತ ಓಡಾಡುತ್ತದೆ. ಸಂಜೆಯಾದರೆ ಜೊಂಡಿನಲ್ಲಿ ಒಟ್ಟಾಗಿ ಮಲಗುತ್ತದೆ.

ಬಾತುಗಳಿಗೂ ಗೊರವಗಳಿಗೂ ಕೆರೆಯೇ ಗತಿ. ಕೆರೆಯೆಂದರೆ ಬರಿಯ ನೀರಲ್ಲ; ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಂಬ ಅಂಗಗಳುಳ್ಳದ್ದು, ಪ್ರತಿಯೊಂದು ಅಂಗಕ್ಕೂ ಅದರದೇ ಹಕ್ಕಿಗಳುಂಟು. ಹೊಸಕೋಟೆಯ ದೊಡ್ಡ ಅಮಾನಿಕೆರೆಯನ್ನೇ ನೋಡಬಹುದು. ದಕ್ಷಿಣ ಪಿನಾಕಿನಿಯ ಪಾತ್ರದ ಈ ಕೆರೆಗೆ ಸುಮಾರು ಎರಡು ಮೈಲಿ ಉದ್ದದ ಏರಿಯಿದೆ. ಏರಿಯ ಬಳಿಯ ಆಳದ ನೀರಿನಲ್ಲಿ ಹೆಜ್ಜಾರ್ಲೆ, ನೀರುಕಾಗೆ, ನಾಮದ ಕೋಳಿ. ತುಸು ಆಚೆ ತೆಳುನೀರಿನಲ್ಲಿ ಬಾತುಗಳು: ಸಲಿಕೆಯಂತೆ ಅಗಲವಾದ ಕೊಕ್ಕಿನದು, ಸೂಜಿಯಂತೆ ಬಾಲ ಚಾಚಿದ್ದು, ಬಿಳಿಹುಬ್ಬಿನದು. ಇವು ಅಕ್ಟೋಬರಿನಲ್ಲಿ ಬರತೊಡಗಿ ನವೆಂಬರಿನಲ್ಲಿ ಹೆಚ್ಚುತ್ತವೆ. ಬಿಳಿಹುಬ್ಬಿನ ಬಾತಿನ ಗಂಡಿಗೆ ಬಂದ ಹೊಸತರಲ್ಲಿ ಆ ಹುಬ್ಬು ಇರುವುದಿಲ್ಲ. ಗಂಡೂ ಹೆಣ್ಣಿನಂತೆಯೇ ಮಸುಕಾಗಿರುತ್ತದೆ. ಪುಸ್ತಕದ ಚಿತ್ರವನ್ನು ಹಿಡಿದುಹೋದವರು ಮೋಸಹೋಗುವುದು ಇಲ್ಲಿಯೇ. ನಾಮದ ಕೋಳಿಗಳೆಲ್ಲ ಇದ್ದಕ್ಕಿದ್ದಂತೆ ಒತ್ತಾಗಿ ಗುಂಪುಗೂಡಿದರೆ ತಲೆಯೆತ್ತಿ ನೋಡಬೇಕು: ಜೊಂಡಿನ ಮೇಲೆ ಜೌಗು ಸೆಳೆವ ತೇಲಿಬರುತ್ತಿರುತ್ತದೆ.

ನೀರು ಮುಗಿದು ಕೆಸರು ತೊಡಗುವ ಅಂಗಳವೇ ಎಲ್ಲಕ್ಕಿಂತ ಸಂಪನ್ನವಾದ ಭಾಗ. ಗದ್ದೆಗೊರವಗಳು, ಮೆಟ್ಟುಗಾಲುಗಳು, ಬಣ್ಣದ ಕೊಕ್ಕರೆಗಳು ಇಲ್ಲಿ ಆಹಾರ ಹುಡುಕುತ್ತವೆ. ಅಚ್ಚುಕಟ್ಟಿನ ಗದ್ದೆಯಲ್ಲಿ ಕಾಲ ಬಳಿಯಿಂದಲೇ ಸರಕ್ಕನೆ ಮೇಲೆದ್ದು ವಕ್ರವಕ್ರವಾಗಿ ಹಾರಿಹೋಗುವುದು ಉಲ್ಲಂಕಿ. ಗೊರವನೆಂದರೆ ಮೈಲಾರಲಿಂಗನ ಭಕ್ತನೂ ಹೌದು. ನಾಮದ ಕೋಳಿ ನಾಮ ಧರಿಸಿದ್ದು. ಶೈವನೂ ವೈಷ್ಣವನೂ ಒಂದೇ ಕೆರೆಯಲ್ಲಿ ಜಗಳವಿಲ್ಲದೆ ಬಾಳುತ್ತಾರೆಂದು ವಿನೋದಕ್ಕೆ ಹೇಳಬಹುದೇ ಹೊರತು, ಶಬ್ದಸಾಮ್ಯವೊಂದನ್ನೇ ಹಿಡಿದು ನಿರುಕ್ತಿ ಕಟ್ಟತಕ್ಕದ್ದಲ್ಲ.

ಕೆರೆಯ ಹೊರಗೂ ಶರತ್ಕಾಲದ ಅತಿಥಿಗಳುಂಟು. ನೆಲಮಂಗಲ, ದೊಡ್ಡಬಳ್ಳಾಪುರಗಳಿಗೆ ಸಮೀಪದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬೇರೆ ಜಾತಿಯ ಸೆಳೆವಗಳು ಹುಲ್ಲಿನ ತುದಿಯನ್ನು ಸವರುವಂತೆ ಹಾರುತ್ತ ಬೇಟೆಯಾಡುತ್ತವೆ. ಬಂಡೆಬೆಟ್ಟಗಳ ಮೇಲೆ ನೀಲಿ ಸಿಳ್ಳಾರ ಒಂಟಿಯಾಗಿ ಕುಳಿತಿರುತ್ತದೆ. ಬೇಲಿಯ ಮುಳ್ಳುಗಿಡದ ತುದಿಯಲ್ಲಿ ಕಂದು ಕಳಿಂಗ.

ಇವೆಲ್ಲಕ್ಕೂ ಆಧಾರವಾದ ನೀರಿನ ಸ್ಥಿತಿಯನ್ನು ಹೇಳದೆ ಬಿಟ್ಟರೆ ಪಾಠ ಅಪೂರ್ಣ. ಅರ್ಕಾವತಿ, ದಕ್ಷಿಣ ಪಿನಾಕಿನಿಗಳೆರಡೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೆರೆಯಿಂದ ಕೆರೆಗೆ ಕೋಡಿಬಿದ್ದು ಹರಿದ ನದಿಗಳು. ಅರ್ಕಾವತಿಗೆ ಹೆಸರಘಟ್ಟದಲ್ಲಿ 1894ರಲ್ಲಿ ಕಟ್ಟಿದ ಜಲಾಶಯವೇ ಬೆಂಗಳೂರಿಗೆ ಮೊದಲು ನಲ್ಲಿಯ ನೀರನ್ನು ಕೊಟ್ಟಿತು. ಮುಂದೆ ಕೊಳವೆಬಾವಿಗಳು, ನೀಲಗಿರಿ ತೋಪುಗಳು, ಮರಳು ತೆಗೆಯುವಿಕೆ, ರಾಜಕಾಲುವೆಗಳ ಒತ್ತುವರಿ, ಇವೆಲ್ಲ ಸೇರಿ ಹರಿವನ್ನು ಒಣಗಿಸಿದವು. ಕೈಗಾರಿಕೆಗಳ ಕೆಳಗಿನ ಕೆಲವು ಕೆರೆಗಳಿಗೆ ಬಣ್ಣಬಣ್ಣದ ವಿಷವೇ ಹರಿದುಬಂದಿತು. ಈಚೆಗೆ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಿಂದ ನಗರದ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಯಲ್ಲಿ ನೀರು ಕಂಡ ರೈತನ ಸಂತೋಷ ನ್ಯಾಯವಾದದ್ದೇ. ಮೂರನೆಯ ಹಂತದ ಶುದ್ಧೀಕರಣವನ್ನು ಕೇಳುವ ಅವನ ಹಕ್ಕೂ ಅಷ್ಟೇ ನ್ಯಾಯವಾದದ್ದು.

ಹಕ್ಕಿಯ ದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. ತುಂಬಿದ ಕೆರೆ ಎಂದರೆ ಹಕ್ಕಿಗಳ ಕೆರೆ ಎಂದು ತಿಳಿಯುವುದು ಸಾಮಾನ್ಯ. ಹಿಂದಿನ ಕೆರೆ ಚಿತ್ತೆ, ಸ್ವಾತಿ ಮಳೆಗಳಿಗೆ ತುಂಬಿ, ಮಾಗಿಯ ವೇಳೆಗೆ ಇಳಿಯತೊಡಗಿ, ದಿನದಿನಕ್ಕೂ ಹೊಸ ಕೆಸರನ್ನು ತೆರೆದುಕೊಡುತ್ತಿತ್ತು. ಆ ಇಳಿತವೇ ಗೊರವಗಳ ಊಟ. ವರ್ಷವಿಡೀ ಅಂಚಿನ ತನಕ ನೀರು ನಿಂತರೆ, ಅಥವಾ ಹೂಳೆತ್ತುವ ನೆಪದಲ್ಲಿ ಅಂಗಳವನ್ನು ಬಾಣಲೆಯಂತೆ ಕಡಿದು ಸುತ್ತ ಕಾಲುಹಾದಿ ಕಟ್ಟಿದರೆ, ನೀರುಕಾಗೆಗೆ ಲಾಭ, ಗೊರವಕ್ಕೆ ನಿಲ್ಲಲು ನೆಲವಿಲ್ಲ. ಹೂಳೆತ್ತುವಾಗ ಏರಿಯ ಕಡೆ ಆಳಮಾಡಿ, ಎದುರಿನ ಅಂಗಳದ ಇಳಿಜಾರನ್ನು ಹಾಗೆಯೇ ಉಳಿಸುವುದಕ್ಕೆ ಹೆಚ್ಚಿನ ಖರ್ಚೇನೂ ತಗಲದು; ಗ್ರಾಮಸಭೆಯಲ್ಲಿ ಒಬ್ಬರು ಹೇಳಬೇಕಷ್ಟೆ.

ಬೆಂಗಳೂರಿನ ಪಕ್ಷಿವೀಕ್ಷಕರು 1972ರಲ್ಲಿ ಸಂಘ ಕಟ್ಟಿಕೊಂಡರು. ಜೋಸೆಫ್ ಜಾರ್ಜ್ ಅವರು ಸಂಪಾದಿಸಿದ ಬೆಂಗಳೂರಿನ ಹಕ್ಕಿಗಳ ಸಟಿಪ್ಪಣ ಪಟ್ಟಿ 1994ರಲ್ಲಿ ಹೊರಬಂದಿತು. ಹಳ್ಳಿಯ ಶಾಲೆಗಳೂ ತಮ್ಮ ತಮ್ಮ ಕೆರೆಗೆ ಇಂಥದೊಂದು ಪುಸ್ತಕವನ್ನು ಇಡಬಹುದು. ದುರ್ಬೀನು ಇದ್ದರೆ ಲೇಸು, ಇಲ್ಲದಿದ್ದರೂ ಕೆಲಸ ನಿಲ್ಲದು. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಮಾತಿಲ್ಲದೆ ನೋಡಬೇಕು. ತಾರೀಖು, ಮಳೆಯ ನಕ್ಷತ್ರ, ಕೆರೆಯ ಯಾವ ಅಂಗ, ಎಷ್ಟು ಹಕ್ಕಿ, ಊರಿನ ಹಿರಿಯರು ಅದಕ್ಕೆ ಹೇಳಿದ ಹೆಸರೇನು ಎಂದು ಐದು ಅಂಕಣಗಳು ಸಾಕು. ಹೆಸರಿನ ಅಂಕಣವನ್ನು ಮೊದಲು ತುಂಬಿಸಬೇಕು. ಅದನ್ನು ಬಲ್ಲವರು ಈಗಾಗಲೇ ವೃದ್ಧರು. ಬೂದು ಕುಂಡೆಕುಸುಕ ಹಳ್ಳಕ್ಕೆ ಮೊದಲು ಬಂದ ದಿನವನ್ನೂ, ಹಳ್ಳವೇ ಹರಿಯದೆ ಅದು ಬಾರದೆಹೋದ ವರ್ಷವಿದ್ದರೆ ಆ ವರ್ಷವನ್ನೂ ಅದೇ ಪುಸ್ತಕದಲ್ಲಿ ಬರೆದಿಡತಕ್ಕದ್ದು.