ಪೂರ್ವಿಕನ ಹೆಸರನ್ನು ಹುಡುಕುವ ಬಗೆ

ದೊಡ್ಡಉಳ್ಳಾರ್ತಿಯ ಸುತ್ತಿನ ಯಾವನಾದರೂ ತನ್ನ ಮುತ್ತಜ್ಜನನ್ನು ಅರಿಯಬಯಸಿದರೆ, ಮೊದಲು ಖಾನೇಸುಮಾರಿಯೆಂಬ ಜನಗಣತಿಯನ್ನು ನೆನೆಯುವನು. ಮೈಸೂರು ಸೀಮೆಯಲ್ಲಿ 1871ರಲ್ಲಿ ಎಣಿಸಲ್ಪಟ್ಟವರು 50,55,412 ಮಂದಿ; 1881ರಲ್ಲಿ 41,86,188. ಈ ಎರಡರ ನಡುವೆ 1876-78ರ ಘೋರ ಕ್ಷಾಮವು ಬಂದಿತ್ತು. ಆದರೆ ಅಚ್ಚಾದ ಆ ಪುಸ್ತಕಗಳಲ್ಲಿ ಲೆಕ್ಕವುಂಟು, ಮನೆಯವರ ಹೆಸರುಗಳಿಲ್ಲ. ಮನೆಮನೆಯ ಬರಹವನ್ನು ಯಾರೂ ನೋಡದಂತೆ 1948ರ ಕಾಯಿದೆಯೂ ತಡೆಯುತ್ತದೆ.

ಆದಕಾರಣ ಸಭೆಯ ಪುಸ್ತಕಗಳನ್ನೇ ತೆರೆಯಬೇಕು. ಅಲ್ಲಿಯೂ ಒಂದು ತೊಡಕುಂಟು. ಕೆಂಚನೆಂಬವನು ದೀಕ್ಷಾಸ್ನಾನದಲ್ಲಿ ಯೋಹಾನನೆನಿಸಿಕೊಂಡಿದ್ದರೆ, ಮನೆಯವರು ಹೇಳುವ ಹೆಸರೊಂದು, ಪುಸ್ತಕದ ಹೆಸರು ಮತ್ತೊಂದು. ಊರಿನ ಹೆಸರನ್ನೋ ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬ ಬೋಧಕನು ಒಂದೊಂದು ತೆರನಾಗಿ ಬರೆದಿರಬಹುದು. ಗಟ್ಟಿಯಾಗಿ ಓದಿ ನೋಡಿದರೆ ಕಿವಿಯು ಗುರುತಿಸೀತು. ಹೆಸರೊಂದನ್ನೇ ಬೆನ್ನಟ್ಟುವುದಕ್ಕಿಂತ ತಂದೆಯ ಹೆಸರು, ಊರು, ಕಸಬು ಇವುಗಳನ್ನು ಕೂಡಿಸಿ ನೋಡುವುದು ಲೇಸು. ಸಭೆಗೆ ಎಂದೂ ಸೇರದಿದ್ದ ತಂದೆಯು ಮಗನ ಮದುವೆಯ ಬರಹದಲ್ಲಿ ಒಮ್ಮೆ ಮಾತ್ರ ಕಾಣಿಸಿಕೊಳ್ಳುವುದುಂಟು. ಆ ಒಂದು ಸಾಲು ಸಿಕ್ಕಿದರೆ, ಹಳೆಯ ಕುಲದಲ್ಲಿಯೇ ಉಳಿದ ದಾಯಾದಿಗಳನ್ನು ವಿಚಾರಿಸಿರಿ. ಅವರ ಮನೆಗೆ ಎತ್ತನ್ನೇರಿ ಬರುವ ಹೆಳವನಿದ್ದರೆ, ಅವನು ಹೇಳುವ ವಂಶಾವಳಿಯಲ್ಲಿ ಅದೇ ತಂದೆಯ ಮಗನಾಗಿ ಕೆಂಚನು ಸಿಕ್ಕಾನು.