ನೆರೆಯವರ ನಾಯಿ ಕಚ್ಚಿದರೆ ಮಾಡತಕ್ಕದ್ದೇನು?

ಆಂಡರ್ಸನ್‌ಪೇಟೆಯ ಬೀದಿಯಲ್ಲಿ ನೆರೆಯವರ ನಾಯಿ ಕಚ್ಚಿದರೆ ನಾವು ಮೊದಲು ಜಗಳಕ್ಕೆ ನಿಲ್ಲುತ್ತೇವೆ, ಗಾಯವನ್ನು ಮರೆಯುತ್ತೇವೆ. ಇದು ಪ್ರಾಣಾಪಾಯಕರವಾದದ್ದು. ಹುಚ್ಚುನಾಯಿರೋಗವು ತಲೆದೋರಿದ ಮೇಲೆ ಬದುಕುವವರು ಅತಿ ವಿರಳ. ಮುಂಚಿತವಾಗಿ ತಡೆಯುವದಾದರೋ ಸಾಧ್ಯವು.

ಆದದರಿಂದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯತಕ್ಕದ್ದು. ಸುಣ್ಣ, ಮೆಣಸಿನಪುಡಿ ಮುಂತಾದವುಗಳನ್ನು ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಿ, ಹೇಳಿದ ದಿನಗಳಲ್ಲಿ ತಪ್ಪದೆ ಮುಗಿಸಬೇಕು. ರಕ್ತ ಬಂದಿದ್ದರೆ ಗಾಯದೊಳಗೆ ಹಾಕುವ ಇಮ್ಯುನೊಗ್ಲೋಬ್ಯುಲಿನ್ ಎಂಬ ಮದ್ದೂ ಬೇಕು.

ನಾಯಿಯನ್ನು ಕೊಲ್ಲದೆ 10 ದಿನ ಕಟ್ಟಿಟ್ಟು ನೋಡುವದು ಯಜಮಾನನ ಕರ್ತವ್ಯ. ಅಷ್ಟರ ವರೆಗೆ ನಾವು ಮದ್ದನ್ನು ತಡಮಾಡಬಾರದು. ಅವನ ಅಲಕ್ಷ್ಯಕ್ಕೆ 2023ರ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಶಿಕ್ಷೆಯುಂಟು. ಆ ವ್ಯಾಜ್ಯವು ನಾಳೆಯಾದರೂ ತೀರೀತು. ಗಾಯವನ್ನು ಈಗಲೇ ತೊಳೆಯೋಣ.