ಬಿಡಾರದ ವಿದ್ಯುತ್ ಜೋಡಣೆ ಬಿಸಿಯಾದಾಗ

ಚೈತ್ರಮಾಸದಲ್ಲಿ ಬೇಲೂರು ಚೆನ್ನಕೇಶವಸ್ವಾಮಿಯ ರಥೋತ್ಸವಕ್ಕೆ, ಹುಣ್ಣಿಮೆಯಂದು ಅರಸೀಕೆರೆಯ ಬಳಿಯ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೆ ಕುಟುಂಬ ಸಮೇತರಾಗಿ ಹೋಗುವುದು ಈ ಸೀಮೆಯ ರೂಢಿ. ಹಿಂದೆ ಕಮಾನು ಗಾಡಿಯಲ್ಲಿ ಹೋಗುತ್ತಿದ್ದವರು ಈಗ ಟ್ರಾಕ್ಟರಿನ ಟ್ರೈಲರಿಗೆ ಟಾರ್ಪಾಲು ಹೊದಿಸಿಕೊಂಡು ಹೊರಡುತ್ತಾರೆ. ಬೇಲೂರಿನಲ್ಲಿ ರಾತ್ರಿ ತಂಗಿ, ಮರುದಿನ ಹಳೇಬೀಡಿನ ಹೊಯ್ಸಳೇಶ್ವರನ ದರ್ಶನ ಮಾಡಿ ಮರಳುವವರೂ ಉಂಟು. ಗಾಡಿಯ ಕಾಲಕ್ಕೆ ಒಂದು ಲಾಂದ್ರ ಸಾಕಾಗಿತ್ತು. ಈಗಲಾದರೋ ದೀಪ, ಫ್ಯಾನು, ಮೊಬೈಲು, ಕೂಸಿಗೆ ನೀರು ಕಾಯಿಸುವ ರಾಡು, ಇವೆಲ್ಲವೂ ಪಕ್ಕದ ಅಂಗಡಿಯಿಂದ ಎಳೆದ ಒಂದೇ ವೈರನ್ನು ನೆಚ್ಚಿಕೊಂಡಿರುತ್ತವೆ.

ಈ ಪೈಕಿ ಭಾರ ಹೊರಿಸುವುದು ರಾಡು. 230 ವೋಲ್ಟಿನಲ್ಲಿ 1500 ವ್ಯಾಟಿನ ರಾಡು ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್ ಮಾತ್ರ. ಆದುದರಿಂದ ರಾಡನ್ನು ದೊಡ್ಡ 16 ಆಂಪಿಯರ್ ಸಾಕೆಟ್ಟಿಗೇ, ತಕ್ಕ ದಪ್ಪದ ವೈರಿನಿಂದ ಜೋಡಿಸತಕ್ಕದ್ದು. ಅದಿಲ್ಲವಾದರೆ ನೀರನ್ನು ಒಲೆಯ ಮೇಲೆ ಕಾಯಿಸುವುದೇ ಲೇಸು.

ಬಿಸಿಯಲ್ಲಿ ಎರಡು ಬಗೆ. ವೈರು ಉದ್ದಕ್ಕೂ ಬೆಚ್ಚಗಾದರೆ ಅದು ಹೊರೆ ಹೆಚ್ಚಾದುದರ ಗುರುತು. ಸುರುಳಿ ಬಿಚ್ಚದೆ ಬಳಸಿದರೆ ಈ ಕಾವು ಹೊರಹೋಗಲಾರದೆ ಒಳಗೇ ಕೂಡುತ್ತದೆ. ಪ್ಲಗ್ಗು ಅಥವಾ ಗಂಟು ಹಾಕಿದ ಒಂದು ಜಾಗ ಮಾತ್ರ ಸುಡುತ್ತಿದ್ದರೆ ಅಲ್ಲಿ ಜೋಡಣೆ ಸಡಿಲವಾಗಿದೆ ಎಂದು ತಿಳಿಯಬೇಕು. ಹೆಚ್ಚು ಅಪಾಯಕರವಾದುದು ಈ ಎರಡನೆಯದೇ. ಏಕೆಂದರೆ ಹರಿಯುವ ವಿದ್ಯುತ್ತು ಮಿತಿ ಮೀರಿರುವುದಿಲ್ಲ. ಫ್ಯೂಸು ಕರಗುವುದಿಲ್ಲ, ಎಂ.ಸಿ.ಬಿ. ಬೀಳುವುದಿಲ್ಲ. ಸಡಿಲ ಜೋಡಣೆಯಲ್ಲಿ ಕೇವಲ ಅರ್ಧ ಓಮ್ ತಡೆಯಿದ್ದರೂ ಆ ರಾಡು ಉರಿಯುವಷ್ಟು ಹೊತ್ತೂ ಅಲ್ಲಿ 20 ವ್ಯಾಟಿಗೂ ಹೆಚ್ಚು ಕಾವು ಹುಟ್ಟುತ್ತದೆ. ಅದೂ ಒಂದು ಮೊಳೆಯ ತಲೆಯಷ್ಟು ಜಾಗದಲ್ಲಿ! ಕಾವಿಗೆ ಲೋಹ ಕಪ್ಪಾಗಿ ತಡೆ ಇನ್ನೂ ಹೆಚ್ಚುತ್ತದೆ, ತಡೆ ಹೆಚ್ಚಿದಂತೆ ಕಾವೂ ಏರುತ್ತದೆ. ಇದನ್ನು ಕಂಡುಹಿಡಿಯುವ ಸಾಧನ ನಮ್ಮ ಕೈ ಮತ್ತು ಮೂಗು. ಕಾಲು ಗಂಟೆ ಬಳಸಿದ ಮೇಲೆ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಒಣಗಿದ ಕೈಯ ಹಿಂಬದಿಯಿಂದ ಮುಟ್ಟಿ ನೋಡಿರಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಿದ್ದರೆ, ಸೀದ ಪ್ಲಾಸ್ಟಿಕ್ಕಿನ ವಾಸನೆ ಬಂದರೆ, ಅದನ್ನು ಮತ್ತೆ ಬಳಸಕೂಡದು. ಕಪ್ಪಾದ ಪಿನ್ನನ್ನು ಉಜ್ಜಿ ಹೊಳಪು ತಂದರೆ ಸಾಲದು. ಪ್ಲಗ್ಗು, ಸಾಕೆಟ್ಟು ಎರಡನ್ನೂ ಬದಲಾಯಿಸಬೇಕು, ಸುಟ್ಟ ಪ್ಲಗ್ಗು ಹೊಸ ಸಾಕೆಟ್ಟನ್ನೂ ಕೆಡಿಸುತ್ತದೆ.

ಟ್ರೈಲರಿನಲ್ಲಿ ತಂಗುವವರಿಗೆ ಇನ್ನೊಂದು ವಿಷಯ ಮುಖ್ಯ. ಕಾದ ವೈರಿನ ಹೊದಿಕೆ ಮೆತ್ತಗಾಗಿ ಒಳಗಿನ ತಂತಿ ಕಬ್ಬಿಣಕ್ಕೆ ತಾಗಿದರೆ ಟ್ರೈಲರಿಗೆಲ್ಲ ವಿದ್ಯುತ್ತು ವ್ಯಾಪಿಸುತ್ತದೆ. ಗಾಲಿಗಳು ರಬ್ಬರಿನವಾದ್ದರಿಂದ ಅದು ನೆಲಕ್ಕೆ ಇಳಿಯುವುದಿಲ್ಲ, ಮೇಲೆ ಕುಳಿತವರಿಗೆ ಗೊತ್ತೇ ಆಗುವುದಿಲ್ಲ. ಒದ್ದೆ ನೆಲದ ಮೇಲೆ ನಿಂತು ಮೊದಲು ಮುಟ್ಟುವವರು ಅದಕ್ಕೆ ಬಲಿಯಾಗುತ್ತಾರೆ. ಬಿಂದಿಗೆ ಹಿಡಿದು ಬಂದ ಗೃಹಿಣಿಯೋ, ಆಡುವ ಮಗುವೋ ಆಗಿರಬಹುದು. ವೈರನ್ನು ಕಬ್ಬಿಣದ ಅಂಚಿನ ಮೇಲೆ ಹಾಯಿಸದೆ ಮರದ ಗಳುವಿಗೆ ಕಟ್ಟಿರಿ. ಭೂಸಂಪರ್ಕವುಳ್ಳ ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಿರಿ. ಸಂಪರ್ಕ ಕೊಡುವ ಕಡೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇದೆಯೇ ಎಂದು ಕೇಳಿರಿ. ಕಂಬದ ತಂತಿಗೆ ಕೊಕ್ಕೆ ಹಾಕುವುದಂತೂ 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಅಪರಾಧ, ಮೇಲಾಗಿ ಅಲ್ಲಿ ನಿಮ್ಮನ್ನು ಕಾಯುವ ಫ್ಯೂಸೇ ಇರುವುದಿಲ್ಲ.

ವೈರು ಎಲ್ಲಿಂದ ಬಂದಿದೆ, ಅದರ ಸ್ವಿಚ್ಚು ಯಾರ ಅಂಗಡಿಯಲ್ಲಿದೆ ಎಂಬುದು ಸಾಮಾನ್ಯವಾಗಿ ಯಜಮಾನರಿಗೆ ಮಾತ್ರ ತಿಳಿದಿರುತ್ತದೆ. ಅವರು ಬೆಟ್ಟ ಹತ್ತಿದ ಹೊತ್ತಿನಲ್ಲಿ ಹೊಗೆ ಕಂಡರೆ ಬಿಡಾರದಲ್ಲಿರುವ ಪತ್ನಿ ಏನು ಮಾಡಬೇಕು? ಆದುದರಿಂದ ಬಿಡಾರ ಹೂಡಿದೊಡನೆ ದಂಪತಿಗಳಿಬ್ಬರೂ ಹೋಗಿ ಆ ಸ್ವಿಚ್ಚನ್ನು ನೋಡಿ ಬರಬೇಕು. ಹೊಗೆ ಬಂದರೆ ಮೊದಲು ಅದನ್ನು ಆರಿಸಿರಿ, ಸುಡುವ ಪ್ಲಗ್ಗನ್ನು ಕೈಯಿಂದ ಎಳೆಯಬೇಡಿರಿ. ವಿದ್ಯುತ್ತು ನಿಲ್ಲುವವರೆಗೆ ನೀರು ಎರಚಬಾರದು, ಒಣ ಮರಳು ಹಾಕಬಹುದು. ಕಂಬದ ತಂತಿಯ ತೊಂದರೆಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912ಕ್ಕೆ ಕರೆಮಾಡಿರಿ.

ಯಾರಿಗಾದರೂ ವಿದ್ಯುತ್ತು ತಗುಲಿ ಹಿಡಿದುಕೊಂಡಿದ್ದರೆ ಬರಿಗೈಯಿಂದ ಮುಟ್ಟದೆ ಸ್ವಿಚ್ಚು ಆರಿಸಿರಿ. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಕೋಲಿನಿಂದ ಬಿಡಿಸಿ, 108ಕ್ಕೆ ಕರೆಮಾಡಿರಿ. ಬಿಸಿ ತಾಗಿ ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ತುಪ್ಪ, ಶಾಯಿ, ಹಲ್ಲುಪುಡಿ ಹಚ್ಚಬೇಡಿರಿ. ವಿದ್ಯುತ್ತು ತಗುಲಿದವರು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯಾದರಂತೂ ಆಘಾತ ಎಷ್ಟೇ ಅಲ್ಪವಾಗಿದ್ದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.